ಮೂರು ಪಾಲಾದ ಚಿತ್ರ

ಇಸವಿ ಎರಡು ಸಾವಿರದ ಇನ್ನೂರ ಹದಿನೇಳು, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ಚಿತ್ರಕಲಾ ಶಾಲೆಯನ್ನು ಸಂಶೋಧನಾ ವಿಶ್ವವಿದ್ಯಾಲಯಕ್ಕೆ ಸೇರಿಸಲು ಸಭೆ ಕರೆದಿರುವ ಹಿರಿಯರಿಗೆ,

ತಾರೀಖು ನೋಡಿ ಹುಬ್ಬೇರಿಸಬೇಡಿ. ಬೇಸಿಗೆಗೆ ಇದ್ದ ತಿಂಗಳುಗಳು ಸಾಲದೆ ನಾವು ಇನ್ನೊಂದನ್ನು ಸೇರಿಸಿಕೊಂಡೆವು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಬರಹವನ್ನು ನಾನು ಓದಿಯಷ್ಟೇ ಕಲಿತವಳು.

ನಾನು ಇಲ್ಲಿ ಚಿತ್ರ ಕಲಿಸುತ್ತೇನೆ. ಅಣೆಕಟ್ಟಿನ ಹಿಂದೆ ನೀರಿದ್ದ ಜಾಗವೆಲ್ಲ ಹೂಳು ತುಂಬಿ ಬಯಲಾದ ಮೇಲೆ ಅದರ ಮೇಲೆ ಕಟ್ಟಿದ ವಿಶ್ವವಿದ್ಯಾಲಯ ಇದು. ನಮ್ಮ ವಿದ್ಯಾರ್ಥಿಗಳು ಬೆಳಿಗ್ಗೆ ವೈದ್ಯರ ಜೊತೆ ಕೂರುತ್ತಾರೆ, ಮಧ್ಯಾಹ್ನ ಮಣ್ಣು ವಿಭಾಗದವರ ಜೊತೆ. ಊಟ ಎಲ್ಲರಿಗೂ ಒಂದೇ ಪಂಕ್ತಿ. ಇದರಲ್ಲಿ ಮೆಚ್ಚಬೇಕಾದದ್ದೂ ಇದೆ. ಎಲೆಯ ನರ ಬಿಡಿಸುವುದನ್ನು ನಾನು ಕಲಿತದ್ದು ಒಬ್ಬ ಸಸ್ಯಶಾಸ್ತ್ರಜ್ಞನಿಂದ. ಆದರೆ ಪದವಿ ಬೇಕಾದರೆ ಕೂಡುಪರೀಕ್ಷೆ ಆಗಬೇಕು. ಬೇರೆ ಮೂರು ವಿಭಾಗದವರು ಚಿತ್ರದ ಮುಂದೆ ನಿಂತು, ಅದರಿಂದ ತಮಗೇನು ಉಪಯೋಗವೆಂದು ಹೇಳಬೇಕು. ಉಪಯೋಗ ಕಂಡವರಿಗೆ ಅದರಲ್ಲಿ ಪಾಲುಂಟು; ಬೇಕಾದ ಭಾಗವನ್ನು ತೆಗೆದುಕೊಂಡು ಹೋಗಬಹುದು. ಆ ದಿನ ಪೇಡಾ ಹಂಚುವ ಪದ್ಧತಿಯಿದೆ.

ಈ ವರ್ಷ ನನ್ನ ಬಳಿ ಇದ್ದವಳು ಹುಲಿಗೆವ್ವ ಒಬ್ಬಳೇ. ಅವಳು ಸತ್ತ ತಾಯಿಯನ್ನು ಆಳೆತ್ತರದ ಹಲಗೆಯ ಮೇಲೆ ಬರೆದಳು. ಫೋಟೊ ಒಂದೂ ಉಳಿದಿರಲಿಲ್ಲ. ನೆನಪಿನಿಂದಲೇ ಬರೆದು, ಅಳಿಸಿ, ಮತ್ತೆ ಬರೆದಳು. ಆ ಮುಖದ ಬಣ್ಣ ಯಾವ ಡಬ್ಬಿಯಲ್ಲೂ ಸಿಗದೆ, ತಮ್ಮ ಮನೆಯಿದ್ದ ಜಾಗದ ಹೂಳನ್ನು ಅಗೆದು ತಂದು ಅಂಟಿನಲ್ಲಿ ಕಲೆಸಿ ಬಳಿದಳು. ಮೂಗಿನ ಪಕ್ಕದ ನೆರಳು ಸರಿಯಾಗಿ ಕೂತ ದಿನ ನನ್ನನ್ನು ಕರೆದು ತೋರಿಸಿದಳು.

ಪರೀಕ್ಷೆಯಲ್ಲಿ ವೈದ್ಯರು ಊದಿದ ಪಾದಗಳಲ್ಲಿ ಮೂತ್ರಪಿಂಡದ ರೋಗ ಗುರುತಿಸಿ, ಪಾಠಕ್ಕೆಂದು ಆ ಭಾಗ ಕೇಳಿದರು. ನೇಯ್ಗೆಯವರು ಸೀರೆಯ ಅಂಚು ಕೇಳಿದರು. ಮಣ್ಣು ವಿಭಾಗದ ಅಂದಾನಪ್ಪನವರು ಒಳ್ಳೆಯ ಮನುಷ್ಯ. ಆ ಬಗೆಯ ಹೂಳು ಇನ್ನೆಲ್ಲೂ ಉಳಿದಿಲ್ಲ, ಅಗೆದ ಜಾಗದ ಮೇಲೆ ವಸತಿಗೃಹ ಎದ್ದಿದೆ ಎಂದು ವಿವರಿಸಿ ಸಂತೋಷಪಟ್ಟರು. ಹೂಳು ಇದ್ದದ್ದು ಮುಖದಲ್ಲಿ.

ಮುಖ ಬಿಡಿ ಎಂದು ನಾನು ವಾದಿಸಿದೆ. ಆದರೆ ಬಿಟ್ಟರೆ ಮೂರನೆಯ ಪಾಲಿಲ್ಲದೆ ಪದವಿಯಿಲ್ಲ, ಪದವಿಯಿಲ್ಲದವರಿಗೆ ಈ ಬಯಲಿನಲ್ಲಿ ವಾಸಕ್ಕೆ ಅನುಮತಿಯಿಲ್ಲ, ಅವಳಿಗೆ ಹೋಗಲು ಬೇರೆ ಊರಿಲ್ಲ. ಅಂದಾನಪ್ಪನವರು ಹುಲಿಗೆವ್ವನನ್ನು ಮೆಲ್ಲಗೆ ಕೇಳಿದರು: “ಹಂಗಾರ ಈ ಮುಖ ಯಾತಕ್ಕ ಉಪಯೋಗ, ನೀನ ಹೇಳವಾ.”

“ನಮ್ಮವ್ವ ಇದ್ದಾಗ, ಆಕಿ ಯಾತಕ್ಕ ಉಪಯೋಗ ಅಂತ ನಾ ಕೇಳಿರಲಿಲ್ರಿ ಸರ್.”

ಅವರು ತಲೆದೂಗಿದರು. ಆಮೇಲೆ ಒಂದು ಕಣವೂ ನೆಲಕ್ಕೆ ಬೀಳದಂತೆ ಚಾಕುವಿನಿಂದ ನಿಧಾನವಾಗಿ ಕೆರೆದರು. ಕೆಳಗೆ ತಟ್ಟೆ ಹಿಡಿದಿದ್ದವಳು ಹುಲಿಗೆವ್ವನೇ. ಅವಳಿಗೆ ಮೊದಲ ದರ್ಜೆ ಬಂತು. ಈಗ ಅದೇ ವಿಭಾಗದಲ್ಲಿ ಮಣ್ಣಿನ ಪದರಗಳ ಚಿತ್ರ ಬರೆಯುತ್ತಾಳೆ, ಅಚ್ಚುಕಟ್ಟಾಗಿ. ತಾಯಿಯ ಮುಖ ಸರಿಯಾಗಿ ನೆನಪಿಗೆ ಬರುತ್ತಿಲ್ಲವಂತೆ.

ನಿಮ್ಮ ಸಭೆಯ ವರದಿಯನ್ನು ಇಲ್ಲಿ ಇಂದಿಗೂ ಪಾಠವಾಗಿ ಓದಿಸುತ್ತಾರೆ. ಚಿತ್ರಕಲೆಯಿಂದ ಉಳಿದ ವಿಭಾಗಗಳಿಗೆ ಏನು ಲಾಭ ಎಂದು ಅಲ್ಲಿ ಒಬ್ಬರು ಕೇಳುತ್ತಾರೆ. ಶಾಲೆ ಉಳಿಯಲೆಂದು ನಿಮ್ಮಲ್ಲೊಬ್ಬರು ಬಹಳ ಚೆನ್ನಾಗಿ ಉತ್ತರ ಕೊಡುತ್ತಾರೆ. ನಾವು ವಾಸವಾಗಿರುವುದು ಆ ಉತ್ತರದೊಳಗೆ.

ಎಲ್ಲರ ಜೊತೆ ಕೂತು ಕಲಿಯಿರಿ, ಬೇಡವೆನ್ನುವುದಿಲ್ಲ. ಆ ಪ್ರಶ್ನೆಗೆ ಮಾತ್ರ ಉತ್ತರ ಕೊಡಬೇಡಿ. ಕೊಡದಿದ್ದರೆ ಶಾಲೆ ಮುಚ್ಚಬಹುದು. ಮುಚ್ಚಲಿ. ಬೀಗ ಹಾಕಿದ ಕೋಣೆಯಲ್ಲಿ ಚಿತ್ರಗಳಿಗೆ ಮುಖವಾದರೂ ಉಳಿದಿರುತ್ತದೆ.

ಶರಣವ್ವ ಕಂಪ್ಲಿ