ಎಕ್ಕ ಹುಟ್ಟಿದ ಮನೆ

ಮಸ್ಕಿ,
೧೫ ಮೆಹರ್, ಫಸಲಿ ೧೩೫೧
(ಇದು ಸರಕಾರದ ಲೆಕ್ಕ. ನಿನ್ನ ಲೆಕ್ಕದಲ್ಲಿ ಪಂಚಮಿ ಮುಗಿದ ವಾರ.)

ತುರ್ವಿಹಾಳದಲ್ಲಿರುವ ಗದ್ದೆಮ್ಮಳಿಗೆ,

ಹೆಂಡತಿಗೆ ಬರೆಯುವ ಪತ್ರದ ತಲೆಗೆ ‘ಸೌಭಾಗ್ಯವತಿ’ ಎಂದು ಹಾಕುವುದು ರೂಢಿ. ಹಾಕಿದೆ, ಮತ್ತೆ ಗೀಟು ಹೊಡೆದೆ. ನಿನ್ನ ಸೌಭಾಗ್ಯ ಎಂದರೆ ನಾನೇ ಆಗಿರುವಾಗ, ಅದನ್ನು ನನ್ನ ಕೈಯಿಂದಲೇ ಬರೆದುಕೊಳ್ಳುವುದು ಚಂದ ಕಾಣಲಿಲ್ಲ.

ಈ ಪತ್ರವನ್ನು ಬೇರೆಯವರ ಕೈಯಲ್ಲಿ ಓದಿಸಬೇಡ. ಮದುವೆಯಾದ ಮೊದಲ ವರ್ಷ ನಿನಗೆ ಅಕ್ಷರ ಕಲಿಸಿದ್ದು ಇಂಥದೊಂದು ದಿನಕ್ಕೇ ಇರಬೇಕು. ಒತ್ತಕ್ಷರ ಬಂದಲ್ಲಿ ನೀನು ಎಡವುತ್ತಿದ್ದೆ, ನಾನು ನಗುತ್ತಿದ್ದೆ. ಈಗ ಎಡವಿದರೆ ನಗುವವರಿಲ್ಲ. ನಿಧಾನವಾಗಿ ಓದು.

ಹೆಣ್ಣುಮಕ್ಕಳು ಪಂಚಮಿಗೆ ತವರಿಗೆ ಹೋದರೆ ವಾರ, ಹತ್ತು ದಿನಕ್ಕೆ ತಿರುಗಿ ಬರುತ್ತಾರೆ. ನಿನ್ನ ಪಂಚಮಿ ಮೂರು ವರ್ಷದಿಂದ ನಡೆದೇ ಇದೆ. ಅಂದು ಹೊಸ್ತಿಲ ಹೊರಗೆ ನಿಂತು, ಇಡೀ ಓಣಿಗೆ ಕೇಳುವಂತೆ ನೀನು ಅಂದದ್ದು ಒಂದೇ ಮಾತು: ‘ನಿನ್ನ ಮನ್ಯಾಗ ಎಕ್ಕಿ ಹುಟ್ಟಲಿ.’ ಮನೆ ಹಾಳಾಗಲಿ ಅನ್ನುವುದಕ್ಕೆ ನಮ್ಮ ಕಡೆ ಎಲ್ಲರೂ ಬೈಯುವ ಬೈಗುಳ. ಯಾರು ಬೈದರೂ ಎಕ್ಕ ಹುಟ್ಟುವುದಿಲ್ಲ. ನೀನು ಬೈದೆ, ಹುಟ್ಟಿತು.

ಮುಂದಿನ ಮಳೆಗಾಲದಲ್ಲಿ, ನೀನು ಪಾತ್ರೆ ತಿಕ್ಕುತ್ತಿದ್ದ ಕಲ್ಲಿನ ಹತ್ತಿರ ಗೋಡೆಯ ಸಂದಿಯಿಂದ ಎರಡೆಲೆ ಇಣುಕಿದವು. ಪಕ್ಕದ ಮನೆಯ ಹಸೀನಾಬೀ ಗೋಡೆಯ ಮೇಲಿಂದ ನೋಡಿ, ‘ಮಾಸ್ತರ, ಅದನ್ನ ಕಿತ್ತಿ ಒಗೀರಿ. ಮನ್ಯಾಗ ಎಕ್ಕಿ ಇರಬಾರದ್ರೀ’ ಅಂದಳು. ನಾನು, ‘ಹೆಂಡತಿ ಹೇಳಿ ಹೋದ ಗಿಡ ಹೆಂಗ ಕೀಳಲಿ?’ ಅಂದೆ. ‘ಆಕಿ ಹೇಳಿದ್ದಲ್ಲ್ರೀ, ಬೈದದ್ದು’ ಎಂದು ಒಳಗೆ ಹೋದಳು.

ಮೂರನೇ ಮದುವೆಯಾಗುವವನಿಗೆ ಮೊದಲು ಎಕ್ಕದ ಗಿಡದೊಂದಿಗೆ ತಾಳಿ ಕಟ್ಟಿಸುತ್ತಾರಲ್ಲ, ಓಣಿಯವರು ಆ ಲೆಕ್ಕವನ್ನೂ ಹಾಕಿದರು. ನನಗೆ ಮೊದಲನೆಯದೇ ದಕ್ಕಿರಲಿಲ್ಲ, ಗಿಡ ಮಾತ್ರ ಅವಸರ ಮಾಡಿ ಬಂದು ನಿಂತಿತ್ತು.

ಗಿಡ ಮೊಣಕಾಲೆತ್ತರ ಆದಾಗ ಒಂದು ಎಲೆಯ ಅಡಿಯಲ್ಲಿ ಬಿಳಿ ಚುಕ್ಕೆ ಕಂಡಿತು. ಗಸಗಸೆ ಕಾಳಿನಷ್ಟು. ಮೂರು ನಾಲ್ಕು ದಿನಕ್ಕೆ ಅದು ಹುಳವಾಯಿತು. ಕರಿ, ಬಿಳಿ, ಹಳದಿ ಪಟ್ಟಿಯ ಅಂಗಿ, ಮೈಮೇಲೆ ಮೂರು ಜೋಡಿ ಕರಿ ಮೀಸೆ. ಹೈದರಾಬಾದಿನ ಕಾಲೇಜಿನಲ್ಲಿ ನಮಗೆ ಪಾಠ ಹೇಳುತ್ತಿದ್ದ ಪ್ರೊಫೆಸರರೊಬ್ಬರು ಇಂಥವನ್ನು ಬರಣಿಯಲ್ಲಿ ಸಾಕುತ್ತಿದ್ದರು. ಇವರ ತಲೆಯಲ್ಲಿ ಹುಳ ಹೊಕ್ಕಿದೆ ಎಂದು ನಾವೆಲ್ಲ ನಗುತ್ತಿದ್ದೆವು. ಈಗ ಅದೇ ಹುಳ ನನ್ನ ತಲೆಗೆ ಬಂತು. ಕಂದೀಲಿನ ಹಳೆಯ ಗಾಜನ್ನು ತಟ್ಟೆಯ ಮೇಲೆ ನಿಲ್ಲಿಸಿ, ಒಳಗೆ ಎಲೆಯಿಟ್ಟು, ಬಾಯಿಗೆ ತೆಳ್ಳನೆಯ ಬಟ್ಟೆ ಕಟ್ಟಿದೆ. ಬೆಳಗ್ಗೆ ಹೊಸ ಎಲೆ, ಸಂಜೆ ಹೊಸ ಎಲೆ, ನಡುವೆ ಹಿಕ್ಕೆ ಬಳಿಯುವುದು. ಮಗ್ಗಿ ಕಲಿಸುವುದಕ್ಕಿಂತ ಈ ಕೆಲಸ ಸುಖದ್ದು, ಇವು ತಪ್ಪು ಹೇಳುವುದಿಲ್ಲ.

ಹನ್ನೆರಡು ದಿನ ತಿಂದು, ಗಾಜಿನ ಮೇಲುಗಡೆ ತಲೆಕೆಳಗಾಗಿ ಜೋತುಬಿದ್ದು, ತಿಳಿಹಸಿರು ಕೋಶವಾಯಿತು. ಅದಕ್ಕೆ ಬಂಗಾರದ ಚುಕ್ಕೆಗಳು, ನಿನ್ನ ಬೆಂಡೋಲೆಯ ಹಾಗೆ. ಕಾಲೇಜಿನಲ್ಲಿ ನಾನು ತಿರುವಿದ ಕೋಶಗಳಲ್ಲಿ ಮಾತುಗಳಿದ್ದವು, ಇದರಲ್ಲಿ ಮಾತೇ ಇರಲಿಲ್ಲ. ಒಂಬತ್ತನೆಯ ದಿನ ಬೆಳಗ್ಗೆ ಹರಿಯಿತು. ಕೇಸರಿ ಬಣ್ಣ, ಕರಿ ಅಂಚು, ಅಂಚಿನಲ್ಲಿ ಬಿಳಿ ಚುಕ್ಕೆ. ಎಕ್ಕೆಗೆ ರೆಕ್ಕೆ ಬಂದವು ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆ, ಕೇಳಲು ಯಾರೂ ಇರಲಿಲ್ಲ. ಚಲೋ ಮಾತು ಬಾಯಿಗೆ ಬಂದಾಗ ಮನೆಯಲ್ಲಿ ಯಾರೂ ಇರದಿದ್ದರೆ ಹೇಗಾಗುತ್ತದೆ ಎಂದು ನನ್ನಂಥವನಿಗೇ ಗೊತ್ತು.

ಆಮೇಲೆ ನಿಂಬೆ ಹಚ್ಚಿದೆ, ಕರಿಬೇವು ಹಚ್ಚಿದೆ, ಔಡಲ ಬಿತ್ತಿದೆ. ಒಂದೊಂದು ಗಿಡಕ್ಕೆ ಒಂದೊಂದು ಜಾತಿಯ ಬೀಗರು. ಎಕ್ಕೆ ತಿನ್ನುವುದು ನಿಂಬೆಯನ್ನು ಮೂಸುವುದಿಲ್ಲ, ನಿಂಬೆಯದು ಔಡಲಕ್ಕೆ ಬಾಯಿ ಹಚ್ಚುವುದಿಲ್ಲ. ನೀನು ಬಡಿಸಿದ್ದಕ್ಕೆಲ್ಲ ಹೆಸರಿಡುತ್ತಿದ್ದ ನನಗೆ ತಕ್ಕ ಗಿರಾಕಿಗಳು. ಶಾಲೆ ಬಿಟ್ಟು ಬಂದು ಬೀಗ ತೆಗೆದರೆ ಒಳಗಿನಿಂದ ಎಲೆ ಕಡಿಯುವ ಸಪ್ಪಳ ಬರುತ್ತದೆ. ಶಾಲೆಯಲ್ಲಿ ನಾನು ಆಡುವುದೆಲ್ಲ ಉರ್ದು. ಮನೆಯೊಳಗೆ ಕನ್ನಡ ಆಡುವುದು ಈ ಹುಳಗಳ ಜೊತೆ, ಅವೂ ಹಾಂ ಹೂಂ ಅನ್ನುವುದಿಲ್ಲ.

ಸಿಂಧನೂರಿಗೆ ಹತ್ತಿ ಹೇರುವ ಬಂಡಿಯ ಹಸನ್‌ಸಾಬ್ ನಿಮ್ಮೂರ ಮೇಲಿಂದಲೇ ಹೋಗುತ್ತಾನಲ್ಲ, ಹತ್ತು ದಿನದ ಹಿಂದೆ ಅವನ ಬಾಯಲ್ಲಿ ಒಂದು ಮಾತು ಕಳಿಸಿದೆ: ‘ಮಾಸ್ತರು ಮನ್ಯಾಗ ಪಾತರಗಿತ್ತಿ ಸಾಕ್ಯಾರ ಅಂತ ಗದ್ದೆಮ್ಮಗ ಹೇಳಪಾ.’ ನೀನು ನಗಬಹುದು ಎಂಬ ಆಸೆ. ಆದರೆ ದಾರಿಯ ಯಾವುದೋ ಗಾಲಿಗುಂಡಿಯಲ್ಲಿ ‘ಗಿತ್ತಿ’ ಬಿದ್ದುಹೋಗಿ, ತುರ್ವಿಹಾಳಕ್ಕೆ ‘ಪಾತರ’ ಮಾತ್ರ ಮುಟ್ಟಿತು. ಚಿಟ್ಟೆ ಹೋಗಿ ಕುಣಿಯುವವಳು ಬಂದಳು. ಮೂರನೇ ದಿನ ನಿಮ್ಮಣ್ಣ ಅಂಬಪ್ಪ ಬಡಿಗೆ ಹಿಡಿದು ನನ್ನ ಬಾಗಿಲಲ್ಲಿ ನಿಂತಿದ್ದ.

‘ಎಲ್ಲಿದಾಳ ಆಕಿ? ಹೊರಗ ಕರಿ’ ಅಂದ.

‘ಯಾಕಿ?’

‘ನೀ ಸಾಕಿದಾಕಿ.’

‘ಒಬ್ಬಾಕಿ ಅಲ್ಲೋ, ಹದಿನಾಕ ಮಂದಿ ಅದಾರ’ ಅಂದೆ.

ಬಡಿಗೆ ಮೇಲೆದ್ದಿತು. ಪುಣ್ಯಕ್ಕೆ ಗಾಜುಗಳು ಅವನ ಕಣ್ಣಿಗೆ ಬಿದ್ದವು. ಒಂದೊಂದನ್ನೇ ಬಾಗಿ ನೋಡಿದ. ‘ಇವಾ? ಈ ಹುಳಾ?’ ಅಂದ. ಬಡಿಗೆಯನ್ನು ಗೋಡೆಗೆ ಆನಿಸಿ ಕೂತು, ‘ಮಾಸ್ತರ, ಪಾತರದಾಕಿನ್ನ ಇಟಗೊಂಡಿದ್ರ ನನಗ ಇಷ್ಟು ಕೆಡಕ ಅನಸ್ತಿದ್ದಿಲ್ಲ’ ಅಂದ. ಅದೂ ಒಂದು ಚೇಷ್ಟೆಯೇ ಎಂದು ನಗಲು ಬಾಯಿ ತೆರೆದೆ. ಅವನ ಮುಖ ನೋಡಿ ಮುಚ್ಚಿದೆ.

ಆಮೇಲೆ ಅವನು ನಿಜವಾದ ಕೆಲಸ ಹೇಳಿದ. ಸಿಂಧನೂರಿನ ಪಕೀರಪ್ಪ ಹೆಂಡತಿ ಸತ್ತವನು, ಒಳ್ಳೆಯ ಮನುಷ್ಯ, ನಿನ್ನನ್ನು ಉಡಿಕೆಯ ಮದುವೆ ಮಾಡಿಕೊಳ್ಳಲು ಒಪ್ಪಿದ್ದಾನೆ. ನಾನು ಸೋಡಚೀಟಿ ಬರೆದು ನಿನ್ನನ್ನು ಬಿಟ್ಟುಕೊಟ್ಟರೆ ಮಾತು ಮುಂದೆ ಹೋಗುತ್ತದೆ. ಆದರೆ ಪಕೀರಪ್ಪನ ತಾಯಿ ಒಂದು ಕಡ್ಡಿ ಅಡ್ಡ ಇಟ್ಟಿದ್ದಾಳೆ. ಹುಡುಗಿ ಬಂಜೆ ಅಂತಾರಲ್ಲ, ನಮಗೆ ಮೊಮ್ಮಕ್ಕಳು ಬೇಡವೇ ಎನ್ನುತ್ತಾಳಂತೆ. ಇಷ್ಟು ಹೇಳಿ ಅಂಬಪ್ಪ, ‘ಆ ಹೆಸರು ಇಟ್ಟಾವ ನೀನ’ ಅಂದ.

ಹೌದು. ಇಷ್ಟು ಹೊತ್ತಿನಿಂದ ಈ ಪತ್ರ ಹುಳದ ಸುತ್ತ ಸುತ್ತುತ್ತಿರುವುದು ಆ ಮಾತಿಗೆ ಬರಬಾರದೆಂದೇ. ನಿನ್ನ ತಂಗಿಯ ಕೂಸಿನ ತೊಟ್ಟಿಲ ದಿನ, ಕೈಯಲ್ಲಿ ಹೊಸ ಬಳೆ ಇಟ್ಟುಕೊಂಡು ನೀನು ತೊಟ್ಟಿಲು ತೂಗುತ್ತಿದ್ದೆ. ಹಿಂದಿನ ವಾರ ಇಲಾಖೆಯ ಕೆಲಸಕ್ಕೆಂದು ಹೈದರಾಬಾದಿಗೆ ಹೋದವನು ನಾನೇ ತಂದ ಬಳೆ. ಯಾವಳೋ ಮುದುಕಿ, ‘ನಿನ್ನ ತೊಟ್ಟಿಲು ಯಾವಾಗವಾ?’ ಎಂದು ಕೇಳಿದಳು. ನೀನು ಬಾಯಿ ತೆರೆಯುವ ಮೊದಲೇ ಗಂಡಸರ ಜಮಖಾನೆಯ ಮೇಲಿಂದ ನಾನು ಕೂಗಿದೆ: ‘ಹೆಸರಿಗಷ್ಟ ಗದ್ದಿ, ಬೆಳಿ ಎಲ್ಲಿಂದ ಬರಬೇಕು?’

ಎಲ್ಲರೂ ನಕ್ಕರು. ತೊಟ್ಟಿಲ ಹಗ್ಗ ನಿನ್ನ ಕೈಯಲ್ಲಿ ನಿಂತಿತು, ಬಳೆ ಸಪ್ಪಳ ನಿಂತಿತು. ಅದು ಕಂಡರೂ ನಾನು ಇನ್ನೊಂದು ಸಲ ನಕ್ಕೆ. ಎರಿ ಹೊಲದ ಸೀಮೆಯಲ್ಲಿ ಗದ್ದೆ ನೋಡದವರೂ ಈಗ ಆ ಮಾತು ಆಡುತ್ತಾರಂತೆ. ಜನ್ಮವೆಲ್ಲ ಇಷ್ಟು ಚೇಷ್ಟೆ ಮಾಡಿದ್ದೇನೆ, ಲಿಂಗಸುಗೂರಿನಿಂದ ಸಿಂಧನೂರಿನ ತನಕ ತಿರುಗಿದ್ದು ಅದೊಂದೇ. ಮಾತಿನ ಚಟ, ಬಾಯಿ ತಪ್ಪಿ ಬಂತು ಎಂದು ಈ ಮೂರು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

ಅಂಬಪ್ಪನಿಗೆ ಅಂದು ಚೀಟಿ ಕೊಡಲಿಲ್ಲ. ಬರೆಯಲು ಕಾಗದ ಇಲ್ಲ ಎಂದೆ. ಶಾಲೆಯ ಮಾಸ್ತರನ ಮನೆಯಲ್ಲಿ! ಗೋಡೆಗೆ ಮುಖ ಮಾಡಿಸಿ ನಾನು ನೆಲದ ಮೇಲೆ ಇಟ್ಟಿದ್ದ ನಿನ್ನ ಕನ್ನಡಿಯನ್ನು ಅವನು ನೋಡಿ, ‘ಇದನ್ಯಾಕ ಇಳಿಸೀದಿ?’ ಎಂದು ಕೇಳಿದ. ಗಾಜಿನಿಂದ ತಪ್ಪಿಸಿಕೊಂಡ ಹುಳವೊಂದು ಕನ್ನಡಿಯ ಮೊಳೆಗೇ ಜೋತುಬಿದ್ದು ಕೋಶ ಕಟ್ಟಿತ್ತು, ಕನ್ನಡಿಯ ಚೌಕಟ್ಟು ತಾಗಿದರೆ ಕೆಡುತ್ತದೆಂದು ಇಳಿಸಿದ್ದೆ. ಎಂಟು ದಿನ ಬಕೆಟ್ಟಿನ ನೀರಿನಲ್ಲಿ ಮುಖ ನೋಡಿ ಗಡ್ಡ ಹೆರೆದೆ. ನೀರು ಅಲುಗಿದರೆ ಮುಖ ಅಲುಗುತ್ತದೆ, ಅದರಲ್ಲಿ ಯಾರನ್ನೂ ಸರಿಯಾಗಿ ನೋಡಬೇಕಾಗುವುದಿಲ್ಲ.

ಹಿಂದೊಮ್ಮೆ ಒಂದು ಕೋಶ ಹರಿಯಲು ತಡಮಾಡಿತೆಂದು ಉಗುರಿನಿಂದ ಬಿಡಿಸಲು ಹೋಗಿದ್ದೆ. ರೆಕ್ಕೆ ಮಡಚಿದ್ದು ಮಡಚಿಯೇ ಉಳಿಯಿತು. ಈ ಸಲ ಕೈ ಹಚ್ಚಲಿಲ್ಲ. ನಿನ್ನೆ ಬೆಳಗ್ಗೆ ಅದು ತಾನೇ ಹೊರಬಂದು, ಮೊಳೆ ಹಿಡಿದು ರೆಕ್ಕೆ ಆರಿಸಿಕೊಂಡು, ಎಕ್ಕೆಯ ಮೇಲೆ ಒಂದು ಸುತ್ತು ಹಾಕಿ ಗೋಡೆ ದಾಟಿತು. ಎಕ್ಕೆಯ ಹಾಲು ಕುಡಿದು ಬೆಳೆದದ್ದನ್ನು ಹಕ್ಕಿಯೂ ಮುಟ್ಟುವುದಿಲ್ಲ, ಅಷ್ಟು ಕಹಿ. ನಿನ್ನ ಬೈಗುಳ ತಿಂದು ಬೆಳೆದ ಜೀವ ಸುಖವಾಗಿ ಹೋಯಿತು.

ಮೊಳೆ ಖಾಲಿಯಾಯಿತು. ಕನ್ನಡಿ ಮತ್ತೆ ತೂಗುಹಾಕಿದೆ. ನೋಡಿದೆ. ಆಮೇಲೆ ಕಾಗದ ಸಿಕ್ಕಿತು. ಸೋಡಚೀಟಿ ಇದರ ಜೊತೆಗಿದೆ, ಹಸೀನಾಬೀಯ ಗಂಡ, ಇನ್ನೊಬ್ಬರು ಸಾಕ್ಷಿ ಹಾಕಿದ್ದಾರೆ. ಬೇಕಾದರೆ ಇಟ್ಟುಕೋ, ಬೇಡವಾದರೆ ಒಲೆಗೆ ಹಾಕು. ಯಾವುದು ಮಾಡಿದರೂ ನನಗೆ ತಿಳಿಸಲೇಬೇಕೆಂದಿಲ್ಲ. ಗಿಡಕ್ಕೆ ನೀರು ಹಾಕುವುದನ್ನು ಬಿಡುವುದಿಲ್ಲ.

ಇಂತಿ,
ತೊಟ್ಟಿಲಲ್ಲೇ ಈ ಹೆಸರು ಪಡೆದು, ಈಗ ಹೆಸರಿಗೆ ತಕ್ಕವನಾಗುತ್ತಿರುವ
ಮುದುಕಪ್ಪ

ತಾ.ಕ.: ಲಕೋಟೆಯಲ್ಲಿ ಇನ್ನೊಂದು ಕಾಗದ ಇದೆ. ಉರ್ದುವಿನಲ್ಲಿದೆ, ಅಂಬಪ್ಪನಿಗೆ ಓದಲು ಬರುತ್ತದೆ, ಅದನ್ನು ಮಾತ್ರ ಅವನ ಕೈಯಲ್ಲಿ ಓದಿಸು. ಬಳೆ ತಂದ ಸಲ ನಾನು ಹೈದರಾಬಾದಿಗೆ ಹೋದದ್ದು ಇಲಾಖೆಯ ಕೆಲಸಕ್ಕಲ್ಲ, ದವಾಖಾನೆಗೆ. ನನ್ನಿಂದ ಮಕ್ಕಳಾಗುವುದಿಲ್ಲ ಎಂದು ಅಲ್ಲಿನ ಡಾಕ್ಟರರು ಪರೀಕ್ಷೆ ಮಾಡಿ ಬರೆದುಕೊಟ್ಟರು. ತೊಟ್ಟಿಲ ದಿನ ಜಮಖಾನೆಯ ಮೇಲಿಂದ ನಾನು ಕೂಗಿದಾಗ ಈ ಕಾಗದ ನನ್ನ ಕೋಟಿನ ಕಿಸೆಯಲ್ಲಿತ್ತು. ಯಾರಾದರೂ ನನ್ನನ್ನು ಕೇಳುವ ಮೊದಲು ಎಲ್ಲರೂ ನಿನ್ನನ್ನು ನೋಡಿ ನಗಲಿ ಎಂದೇ ಕೂಗಿದ್ದು, ಬಾಯಿ ತಪ್ಪಿ ಅಲ್ಲ. ಸಿಂಧನೂರಿನ ಆ ಅವ್ವನ ಮುಂದೆ ಇದನ್ನು ಗಟ್ಟಿಯಾಗಿ ಓದಿಸು. ಬೀಜ ಜೊಳ್ಳು, ಗದ್ದೆಯದೇನೂ ತಪ್ಪಿಲ್ಲ. ಚೀಟಿ ಬೇಕಾದರೆ ಸುಡು, ಈ ಕಾಗದ ಸುಡಬೇಡ.