ಜಲಜಕ್ಕನಿಗೆ ಕೊಟ್ಟ ಹಾಡು

ದಹಿಸರ್ ಪೂರ್ವ
೧೨ ನವೆಂಬರ್ ೨೦೨೫, ಬುಧವಾರ

ಪೂಜ್ಯ ಕೊರಗಪ್ಪ ಮಾಸ್ತರರಿಗೆ ಮಹಾದೇವಿ ಮಾಡುವ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಬೊರಿವಲಿಯಲ್ಲಿ ನೀವೂ ರಾಜೀವಿ ಅಕ್ಕನೂ ಕ್ಷೇಮವೆಂದು ನಂಬಿದ್ದೇನೆ. ನೀವು ಕಳಿಸಿದ ಮೂರು ವಾಯ್ಸ್ ಮೆಸೇಜುಗಳಿಗೆ ಹದಿನೈದು ದಿನ ಉತ್ತರ ಕೊಡಲಿಲ್ಲ, ಕ್ಷಮಿಸಿ. ಕೇಳಿರಲಿಲ್ಲ ಎಂದಲ್ಲ. ಮೂರನ್ನೂ ಕೇಳಿದೆ, ಕೊನೆಯದನ್ನು ಎರಡು ಸಲ ಕೇಳಿದೆ. ಒಂದೇ ಸ್ಟೇಷನ್ ಆಚೆ ಇರುವವರಿಗೆ ಇವಳು ಕಾಗದ ಬರೆಯುವುದೇನು ಎಂದು ರಾಜೀವಿ ಅಕ್ಕ ನಗಬಹುದು. ಫೋನಿನಲ್ಲಿ ಬಾಯಿಬಿಟ್ಟರೆ ನೀವು ನನ್ನ ಧಾಟಿ ಕೇಳುತ್ತೀರಿ, ಮಾತು ಕೇಳುವುದಿಲ್ಲ. ಬರೆದ ಕನ್ನಡದಲ್ಲಿ ನನ್ನ ವಿಜಾಪುರ ಯಾವುದು, ನಿಮ್ಮ ಉಡುಪಿ ಯಾವುದು ಗೊತ್ತಾಗುವುದಿಲ್ಲ. ಅದಕ್ಕೇ ಈ ಕಾಗದ.

ಮೊದಲು ನಿಮ್ಮ ಸಂಭ್ರಮದ ವಿಷಯ. ನಿಮ್ಮ ‘ಸೀನಣ್ಣನ ಬೀಗರು’ ನಾಟಕ ಸಿನಿಮಾ ಆಗುತ್ತಿದೆ, ಅದೂ ಹನ್ನೊಂದು ಹಾಡಿನ ಸಂಗೀತಮಯ ಸಿನಿಮಾ. ನಿರ್ದೇಶಕ ಶಶಿಕಾಂತ ಎರಡು ವಾರದ ಹಿಂದೆ ಫೋನ್ ಮಾಡಿ ನಾಟಕದ ಕತೆಯನ್ನೆಲ್ಲ ನನಗೇ ಹೇಳಿದ. ಮುನ್ನೂರು ಪ್ರಯೋಗ ಆಡಿದವಳಿಗೆ ಕತೆ ಹೇಳುವ ಉತ್ಸಾಹ ನೋಡಿ. ಗೋರೆಗಾಂವಿನ ಹೋಟೆಲ್ ಸಾಹುಕಾರ ಸೀನಣ್ಣ, ಮಗಳಿಗೆ ಗಂಡು ನೋಡಲು ಬಂದ ಬೀಗರನ್ನು ಊಟಕ್ಕೆ ಕೂರಿಸಿ ಎರಡು ತಾಸು ಬಡಾಯಿ ಕೊಚ್ಚುತ್ತಾನಂತೆ. ಹೆಂಡತಿ ಜಲಜಕ್ಕ ಮೊದಲಿಂದ ಕೊನೆಯವರೆಗೆ ತುಟಿ ಬಿಚ್ಚುವುದಿಲ್ಲವಂತೆ. ಗಂಡ ಸುಳ್ಳು ಹೇಳಿದಾಗಲೆಲ್ಲ ಬೀಗರ ಎಲೆಗೆ ಒಂದೊಂದು ಸೌಟು ಸಾರು ಸುರಿಯುತ್ತಾಳಂತೆ. ‘ಆಮೇಲೆ ಏನಾಗುತ್ತೆ ಗೊತ್ತಾ ಆಂಟಿ?’ ಎಂದು ಕೇಳಿದ. ಸಾರು ಎಲೆ ದಾಟಿ, ಬೆಂಚು ದಾಟಿ, ಬೀಗರ ಧೋತರಕ್ಕೆ ಇಳಿಯುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆದರೆ ಸಿನಿಮಾದಲ್ಲಿ ಆ ಸೌಟು ಇಲ್ಲ. ಅದರ ಬದಲು ಇಪ್ಪತ್ತು ಹುಡುಗಿಯರು ಸ್ಟೀಲ್ ಬಕೆಟ್ ಹಿಡಿದು ಪಂಕ್ತಿಯ ನಡುವೆ ಕುಣಿಯುತ್ತಾರೆ. ಕೊನೆಯಲ್ಲಿ ಜಲಜಕ್ಕನಿಗೆ ದಿಢೀರನೆ ಬಾಯಿ ಬಂದು ಆರು ನಿಮಿಷದ ಹಾಡು ಹಾಡುತ್ತಾಳೆ. ‘ಉತ್ತರ ಕರ್ನಾಟಕದ ಸ್ಲ್ಯಾಂಗಲ್ಲಿ ಬರೆಸಿದ್ದೀವಿ ಆಂಟಿ, ಈಗ ಅದೇ ಟ್ರೆಂಡು. ನಮ್ಮ ಹೀರೋಯಿನ್ ಯಕ್ಷಿತಾಗೆ ನೀವು ಆ ಟೋನ್ ಹೇಳ್ಕೊಡ್ಬೇಕು. ಮಹಾದೇವಿ ಹತ್ರ ಅಸಲಿ ಮಾಲು ಉಂಟು ಅಂತ ಕೊರಗಪ್ಪ ಮಾಸ್ಟ್ರೇ ಹೇಳಿದ್ರು’ ಎಂದ.

ಅಸಲಿ ಮಾಲು! ಮಾಸ್ತರರೇ, ಆ ಮಾತು ಹೇಳುವಾಗ ನಿಮ್ಮ ನಾಲಿಗೆ ಒಂದು ಕ್ಷಣವೂ ತಡವರಿಸಲಿಲ್ಲವೇ?

ಅದೇ ದಿನ ನಿಮ್ಮ ಮೂರನೇ ಮೆಸೇಜು ಬಂತು. ‘ಇಪ್ಪತ್ಮೂರನೇ ತಾರೀಕು ಆದಿತ್ಯವಾರ ಗೋರೆಗಾಂವಿನಲ್ಲಿ ಹಾಡುಗಳ ಬಿಡುಗಡೆ ಉಂಟು ಮಹಾದೇವಿ. ನೀನು ಸ್ಟೇಜಿನಲ್ಲಿ ನನ್ನ ಹತ್ರವೇ ಕೂತ್ಕೊಳ್ಬೇಕು. ಎರಡು ಮಾತು ಹೇಳಿದ್ರೆ ಸಾಕು. ಜಲಜಕ್ಕನನ್ನು ಮೌನಿ ಮಾಡಿದ್ದು ಮಾಸ್ಟ್ರ ಕಲ್ಪನೆ, ಹೆಣ್ಣಿನ ಮೌನದ ಶಕ್ತಿ ತೋರಿಸ್ಲಿಕ್ಕೆ ಅಂತ.’ ಮೂವತ್ತೇಳು ವರ್ಷದ ಮೇಲೆ ನನಗೆ ಎರಡು ಮಾತು ಕೊಟ್ಟಿದ್ದೀರಿ. ಅದೂ ಸುಳ್ಳು.

ನಿಮಗೆ ಮರೆತಿರಬಹುದು, ವಯಸ್ಸಾಯಿತು. ನಾನೇ ನೆನಪಿಸುತ್ತೇನೆ. ಜಲಜಕ್ಕನ ಪಾತ್ರ ಮಾಡಬೇಕಿದ್ದ ಹುಡುಗಿ ಮದುವೆಯಾಗಿ ಉಡುಪಿಗೆ ಹೋದಳು. ಹಾಲ್ ಬುಕ್ ಆಗಿತ್ತು, ಟಿಕೆಟ್ ಹಂಚಿ ಆಗಿತ್ತು, ಸ್ಟೇಜಿಗೆ ಬರುವ ಹೆಂಗಸು ಇಡೀ ಗೋರೆಗಾಂವಿನಲ್ಲಿ ಸಿಗಲಿಲ್ಲ. ಆಗ ನಿಮ್ಮ ನಾಟಕಗಳಿಗೆ ಲೈಟ್ ಕಟ್ಟುತ್ತಿದ್ದ ನನ್ನ ಗಂಡ ಗುರುಪಾದ, ‘ನಮ್ಮಾಕಿ ಸಾಲ್ಯಾಗ ನಾಟಕಾ ಮಾಡ್ಯಾಳ್ರಿ’ ಎಂದು ನನ್ನನ್ನು ಕರೆತಂದರು. ನನಗೆ ಇಪ್ಪತ್ತೆರಡು. ಊರು ಬಿಟ್ಟು ಒಂದು ವರ್ಷವಾಗಿತ್ತು. ನೀವು ಕೊಟ್ಟ ಪುಸ್ತಕದಲ್ಲಿ ಜಲಜಕ್ಕನಿಗೆ ನಲವತ್ತೆರಡು ಮಾತಿದ್ದವು. ದಹಿಸರಿನ ಚಾಳಿನಲ್ಲಿ ನೀರಿನ ಸಾಲಿನಲ್ಲಿ ನಿಂತು ಅಷ್ಟನ್ನೂ ಒಂದು ವಾರದಲ್ಲಿ ಬಾಯಿಪಾಠ ಮಾಡಿದ್ದೆ.

ಮುನ್ಸಿಪಾಲಿಟಿ ಶಾಲೆಯ ಆ ಕೋಣೆಯಲ್ಲಿ ಮೊದಲ ರಿಹರ್ಸಲ್. ನಾನು ಎದ್ದುನಿಂತು ನನ್ನ ಮೊದಲ ಮಾತು ಹೇಳಿದೆ: ‘ಅಲ್ರೀ, ಬೀಗರ ಮುಂದ ಹಿಂಗ ಸುಳ್ಳ ಯಾಕ ಹೇಳಾಕತ್ತೀರಿ?’ ಪುಸ್ತಕದಲ್ಲಿದ್ದದ್ದು ನಿಮ್ಮ ಕಡೆಯ ಕನ್ನಡ. ನನ್ನ ಬಾಯಿಂದ ಬಂದದ್ದು ನನ್ನದು. ಕೋಣೆಗೆ ಕೋಣೆಯೇ ನಕ್ಕಿತು. ನಾಟಕ ತಮಾಷೆಯದು, ಅದಕ್ಕೇ ನಗುತ್ತಿದ್ದಾರೆ ಎಂದುಕೊಂಡು ನಾನೂ ನಕ್ಕೆ. ಎರಡನೇ ಮಾತು ಹೇಳುವಷ್ಟರಲ್ಲಿ ನನಗೆ ತಿಳಿಯಿತು. ಎಲ್ಲರಿಗಿಂತ ಮೊದಲು ನಕ್ಕದ್ದು ನೀವು, ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದ್ದೂ ನೀವು. ಕಣ್ಣೊರೆಸಿಕೊಂಡು ಹೇಳಿದಿರಿ: ‘ನೀನು ಮಾತಾಡುವುದು ಬೇಡ ಮಾರಾಯ್ತಿ. ಸೀನಣ್ಣ ಕುಂದಾಪುರದವ, ಅವನಿಗೆ ಬಿಜಾಪುರದ ಹೆಂಡತಿ ಎಲ್ಲಿಂದ ಬಂದ್ಳು ಅಂತ ಜನ ಕೇಳುದಿಲ್ವಾ? ನೀನು ಸುಮ್ಮನೆ ಬಡಿಸ್ತಾ ಇರು.’ ಕೆಂಪು ಪೆನ್ನು ತೆಗೆದು ನಲವತ್ತೆರಡನ್ನೂ ನನ್ನ ಎದುರಿಗೇ ಹೊಡೆದು ಹಾಕಿದಿರಿ. ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ನಿಮ್ಮ ಮೌನದ ಶಕ್ತಿ ಹುಟ್ಟಿದ್ದು ಹೀಗೆ.

ಹಾಗಾದರೆ ನಾನೇಕೆ ಬಿಟ್ಟುಹೋಗಲಿಲ್ಲ? ಸಿಟ್ಟಿಗೆ. ಇವರ ಎದುರು ಅಳುತ್ತಾ ಹೋಗಬಾರದು ಎಂಬ ಹಟಕ್ಕೆ. ಸೌಟಿನ ಆಟವನ್ನು ನೀವು ಹೇಳಿಕೊಟ್ಟಿರಲಿಲ್ಲ, ಅದು ನಿಮ್ಮ ಪುಸ್ತಕದಲ್ಲಿ ಇವತ್ತಿಗೂ ಇಲ್ಲ. ಮೂರನೇ ಪ್ರಯೋಗದಲ್ಲಿ ಸೀನಣ್ಣನ ವೇಷದ ನೀವು ‘ನನ್ನ ಹೆಂಡತಿಗೆ ನಾನು ಹೇಳಿದ್ದೇ ವೇದ’ ಎಂದಾಗ ನನ್ನ ಮೈ ಉರಿದು, ಬೀಗರ ಎಲೆಗೆ ಬೇಡದ ಒಂದು ಸೌಟು ಸುರಿದೆ. ಜನ ಬಿದ್ದು ಬಿದ್ದು ನಕ್ಕರು. ನೀವು ತಿರುಗಿ ನೋಡಿದಿರಿ. ನಾನು ಇನ್ನೊಂದು ಸುರಿದೆ. ಆ ನಗು ನನ್ನದು ಮಾಸ್ತರರೇ. ನನ್ನ ಸಿಟ್ಟಿಗೆ ಜನ ಮುನ್ನೂರು ಸಲ ನಕ್ಕರು, ಹಾರ ಪ್ರತಿ ಸಲವೂ ನಿಮ್ಮ ಕೊರಳಿಗೆ ಬಿತ್ತು. ‘ಮಹಾದೇವಿಯನ್ನು ತಿದ್ದಿ ತೀಡಿದವ ನಾನು’ ಎಂದು ನೀವು ಹೇಳುವಾಗ ನಾನು ಪಕ್ಕದಲ್ಲೇ ಕೈಕಟ್ಟಿ ನಿಂತಿರುತ್ತಿದ್ದೆ. ಅದು ನನ್ನ ಹೇಡಿತನ, ಅದಕ್ಕೆ ನಿಮ್ಮನ್ನು ದೂರುವುದಿಲ್ಲ.

ಶಶಿಕಾಂತನಿಗೆ ಆಗುವುದಿಲ್ಲ ಎಂದೇ ಹೇಳಿದ್ದೆ. ಆದರೆ ಆ ಹುಡುಗಿ ಯಕ್ಷಿತಾ ಕಳೆದ ಶನಿವಾರ ತಾನೇ ಮನೆ ಹುಡುಕಿಕೊಂಡು ಬಂದಳು. ಮಂಗಳೂರು ಕಡೆಯವರ ಮಗಳು, ಬೊರಿವಲಿಯಲ್ಲೇ ಬೆಳೆದವಳು. ‘ಆಂಟಿ, ನಂಗೆ ಕನ್ನಡ ಬರ್ತದೆ, ಲೇಕಿನ್ ಥೋಡಾ ಥೋಡಾ’ ಎಂದಳು. ಬಾಗಿಲಲ್ಲೇ ನಿಲ್ಲಿಸಿ ಕಳಿಸಬೇಕೆಂದಿದ್ದೆ. ಚಪ್ಪಲಿ ಬಿಟ್ಟು ಒಳಗೆ ಬಂದು ನೆಲದ ಮೇಲೆ ಕೂತು ಕೇಳಿದಳು: ‘ಈ ಜಲಜಕ್ಕ ಮಾತಾಡಿದ್ರೆ ಏನು ಮಾತಾಡ್ತಿದ್ಳು ಆಂಟಿ? ಸಾಂಗ್ ಅಲ್ಲ. ಅವಳ ಮಾತು?’ ಈ ಮೂವತ್ತೇಳು ವರ್ಷದಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ನೀವಂತೂ ಕೇಳಲೇ ಇಲ್ಲ.

ನಾನು ಹೇಳಿದೆ. ನೀವು ಹೊಡೆದು ಹಾಕಿದ ನಲವತ್ತೆರಡನ್ನೂ ಒಂದರ ಹಿಂದೊಂದು ನನ್ನ ಕನ್ನಡದಲ್ಲೇ ಹೇಳಿದೆ. ಒಂದೂ ಮರೆತಿರಲಿಲ್ಲ. ಹುಡುಗಿ ನಕ್ಕಳು, ಆದರೆ ಮಾತಿಗೆ ನಕ್ಕಳು, ನನಗಲ್ಲ. ಆ ವ್ಯತ್ಯಾಸ ನನಗೆ ಚೆನ್ನಾಗಿ ಗೊತ್ತಾಗುತ್ತದೆ.

ಇನ್ನು ಇಪ್ಪತ್ಮೂರರ ಭಾನುವಾರದ ಮಾತು. ನಾನು ಬರುತ್ತೇನೆ. ಆದರೆ ನಿಮ್ಮ ಪಕ್ಕದಲ್ಲಿ ಕೂರುವುದಿಲ್ಲ, ಮುಂದಿನ ಸಾಲಿನಲ್ಲಿ ಕೆಳಗೆ ಕೂರುತ್ತೇನೆ. ಜಲಜಕ್ಕನ ಬಾಯಿ ಮುಚ್ಚಿಸಿದ್ದು ಯಾಕೆ ಎಂದು ಮೈಕಿನಲ್ಲಿ ನೀವೇ ಹೇಳಬೇಕು. ಕಲ್ಪನೆ, ಶಕ್ತಿ ಎಂದೇನಾದರೂ ಶುರು ಮಾಡಿದರೆ ನಾನು ಎದ್ದುನಿಂತು ನಲವತ್ತೆರಡರಲ್ಲಿ ಮೊದಲನೆಯದನ್ನು ಕೆಳಗಿನಿಂದಲೇ ಹೇಳುತ್ತೇನೆ. ಅದು ಆ ಹೊತ್ತಿಗೆ ಸರಿಯಾಗಿ ಹೊಂದುವ ಮಾತೇ. ಆಗ ನೀವು ನಗುತ್ತೀರೋ ಇಲ್ಲವೋ ನೋಡೋಣ.

ರಾಜೀವಿ ಅಕ್ಕನ ಮೊಣಕಾಲು ನೋವು ಬೇಗ ವಾಸಿಯಾಗಲಿ. ಆ ದಿನ ರಿಹರ್ಸಲಿನಲ್ಲಿ ನಗದೇ ಇದ್ದವರು ಅವರೊಬ್ಬರೇ, ನನಗೆ ನೀರು ತಂದುಕೊಟ್ಟರು. ದೇವರು ನಿಮಗೆ ದೀರ್ಘಾಯುಷ್ಯ ಕೊಡಲಿ. ನಿಜ ಹೇಳಲು ಧೈರ್ಯ ಬರುವಷ್ಟಾದರೂ ಕೊಡಲಿ.

ಇಂತಿ,
ಮಹಾದೇವಿ ಗುರುಪಾದ

ಇನ್ನೊಂದು ಮಾತು: ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ಕಾಗದ ಮಡಚಿ ಆದ ಮೇಲೆ ತಡೆಯಲಾಗಲಿಲ್ಲ. ಆ ರಿಹರ್ಸಲ್ ಮುಗಿದ ಎರಡು ವರ್ಷಕ್ಕೆ ನನ್ನ ಸೋನಾಲಿ ಹುಟ್ಟಿದಳು. ನನ್ನ ಮಗಳ ಮಾತಿಗೆ ಯಾರೂ ನಗಬಾರದು ಎಂದು ಅವಳ ಹತ್ತಿರ ಹಿಂದಿಯಲ್ಲೇ ಮಾತಾಡಿದೆ, ಗಂಡನಿಂದಲೂ ಆಣೆ ಹಾಕಿಸಿದೆ. ನನ್ನ ಅವ್ವ ಸುಂದ್ರವ್ವ ಕೊನೆಗಾಲದಲ್ಲಿ ಎಂಟು ತಿಂಗಳು ನಮ್ಮಲ್ಲಿದ್ದಳು. ಅಜ್ಜಿ ಮೊಮ್ಮಗಳು ಕೈಸನ್ನೆ ಮಾಡಿಕೊಂಡೇ ದಿನ ಕಳೆದರು. ಅವ್ವ ಕೊನೆಯ ದಿನ ಸೋನಾಲಿಯ ಕೈ ಹಿಡಿದು ಬಹಳ ಹೊತ್ತು ಏನೇನೋ ಹೇಳಿದಳು. ಹುಡುಗಿ ಎಲ್ಲದಕ್ಕೂ ತಲೆಯಾಡಿಸಿದಳು.

ಶನಿವಾರ ನಾನು ಯಕ್ಷಿತಾಳಿಗೆ ಹೇಳಿಕೊಡುವಾಗ ಸೋನಾಲಿ ಒಳಗೆ ಆಫೀಸಿನ ಕೆಲಸ ಮಾಡುತ್ತಿದ್ದಳು. ಎದ್ದು ಬಂದು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಯಕ್ಷಿತಾ ಹೋದ ಮೇಲೆ ‘ಮಮ್ಮಿ, ಇಸ್ಕೋ ಸಿಖಾಯಾ, ಮುಝೇ ಕ್ಯೂಂ ನಹೀ ಸಿಖಾಯಾ?’ ಎಂದು ಕೇಳಿದಳು. ಪರರ ಮಗಳಿಗೆ ಕಲಿಸಿದವಳು ತನಗೇಕೆ ಕಲಿಸಲಿಲ್ಲ ಎಂದು. ಮೂವತ್ತೈದು ವರ್ಷದ ಮಗಳು ಚಿಕ್ಕ ಮಕ್ಕಳ ಹಾಗೆ ಅತ್ತಳು.

ಭಾನುವಾರ ಕಾರ್ಯಕ್ರಮ ಮುಗಿಸಿ ದಹಿಸರಿಗೆ ಬನ್ನಿ. ನೀವೇ ಅವಳಿಗೆ ಉತ್ತರ ಹೇಳಿ. ಹಿಂದಿಯಲ್ಲಿ ಹೇಳಿ, ಅವಳಿಗೆ ಕನ್ನಡ ತಿಳಿಯುವುದಿಲ್ಲ.