ಡಿಸೆಂಬರ್ ಹದಿನೈದರಲ್ಲೇ ನಿಂತ ಪುಟ

16 ನವೆಂಬರ್ 2025, ಭಾನುವಾರ
ಮುಂಡಾಜೆ. ಬೆಳಗ್ಗಿನ ಹಾಲು ಲಾರಿ ಹತ್ತಿ ಹೋಗಿದೆ. ಸೊಸೈಟಿಯಲ್ಲಿ ನಾನೊಬ್ಬಳೇ ಇದ್ದೇನೆ.

ಪ್ರೀತಿಯ ಫರ್ಹಾನ,

ನಾನು ಬರೆದ ಒಂದು ಅಂಚೆ ಕಾರ್ಡಿನಿಂದಾಗಿ ನೀನು ಅನುವಾದ ಮಾಡುವುದನ್ನೇ ಬಿಟ್ಟೆ ಎಂದು ಹನ್ನೊಂದು ತಿಂಗಳು ನಂಬಿದ್ದೆ. ಅದು ಸುಳ್ಳೆಂದು ಮೊನ್ನೆ ಗುರುವಾರ ಗೊತ್ತಾಯಿತು. ಗೊತ್ತಾದ ಬಗೆಯನ್ನು ಕ್ರಮವಾಗಿ ಹೇಳುತ್ತೇನೆ. ನೀನು ನಗುತ್ತೀ, ನಗು.

ಕಾರ್ಡು ನಿನಗೆ ನೆನಪಿರಬೇಕು. ಕಳೆದ ಡಿಸೆಂಬರ್ ಹದಿನೈದಕ್ಕೆ ನಿನ್ನ ಅಂತರ್ಜಾಲ ಪುಟದಲ್ಲಿ ಮಲಯಾಳದ ಒಂದು ಕಥೆ ಬಂದಿತ್ತು. ಅದರಲ್ಲಿ ಬೆಳಿಗ್ಗೆ ಕರು ಹಾಕಿದ ದನದ ಹಾಲನ್ನು ಮನೆಯ ಹೆಂಗಸು ಸಂಜೆಗೇ ಹೋಟೆಲಿಗೆ ಕೊಡುತ್ತಾಳೆ, ಆ ಹಾಲಿನ ಚಹಾವನ್ನು ಊರೇ ಹೊಗಳುತ್ತದೆ. ಹನ್ನೆರಡು ವರ್ಷಗಳಿಂದ ಹಾಲು ಪರೀಕ್ಷೆ ಮಾಡುತ್ತಿರುವವಳು ನಾನು. ಗಿಣ್ಣು ಹಾಲು ಬಿಸಿ ತಾಗಿದರೆ ಗಟ್ಟಿಯಾಗುತ್ತದೆ, ಅದರಲ್ಲಿ ಚಹಾ ಆಗುವುದಿಲ್ಲ. ಇಷ್ಟು ಬರೆದು ನಿಲ್ಲಿಸಬಹುದಿತ್ತು. “ದನ ನೋಡದವರು ಬರೆದದ್ದನ್ನು ದನ ನೋಡದವಳು ಅನುವಾದಿಸಿದ್ದಾಳೆ. ಮುಂದಿನ ಕಥೆಗೆ ಮೊದಲು ಒಮ್ಮೆ ದನದ ಹಟ್ಟಿಗೆ ಹೋಗಿ ಬಾ” ಎಂದೂ ಸೇರಿಸಿದೆ. ಮೂಡಬಿದ್ರೆಯ ಪೋಸ್ಟ್‌ಮ್ಯಾನ್ ಅದನ್ನು ಓದಬಹುದು, ನಿನ್ನ ಅತ್ತೆಯೂ ಓದಬಹುದು ಎಂದು ಡಬ್ಬಿಗೆ ಹಾಕಿದ ಮೇಲೆ ಹೊಳೆಯಿತು.

ಆಮೇಲೆ ನಿನ್ನ ಪುಟ ಬದಲಾಗಲೇ ಇಲ್ಲ. ಹದಿನೈದು ದಿನಕ್ಕೊಂದು ಕಥೆ ಹಾಕುತ್ತಿದ್ದವಳು ಹೊಸ ವರ್ಷಕ್ಕೂ ಹಾಕಲಿಲ್ಲ, ರಂಜಾನ್ ಕಳೆದ ಮೇಲೂ ಹಾಕಲಿಲ್ಲ. ಲಾರಿ ಹೋದ ಮೇಲೆ ದಿನವೂ ಸೊಸೈಟಿಯ ಕಂಪ್ಯೂಟರಿನಲ್ಲಿ ತೆರೆದು ನೋಡುತ್ತಿದ್ದೆ. ಅದೇ ದನ, ಅದೇ ಚಹಾ. ಫೋನ್ ಮಾಡಿ ಕೇಳಬಹುದಿತ್ತು. “ನನ್ನಿಂದಲೇ ಬಿಟ್ಟೆಯಾ?” ಎಂದು ಕೇಳಿ, ನೀನು ಹೌದೆಂದರೆ ಮುಂದೆ ಏನು ಹೇಳುವುದೆಂದು ತಿಳಿಯದೆ ಸುಮ್ಮನಿದ್ದೆ. ಹಾಸ್ಟೆಲಿನಲ್ಲಿ ನಾವಿಬ್ಬರೂ ಸೇರಿ ದಪ್ಪ ದಪ್ಪ ರಷ್ಯನ್ ಕಾದಂಬರಿಗಳ ಅನುವಾದ ಓದುವಾಗ ಪಾತ್ರಗಳ ಹೆಸರು ಪಟ್ಟಿ ಮಾಡುವ ಕೆಲಸ ನನ್ನದು, ಅಳುವ ಕೆಲಸ ನಿನ್ನದು. “ನೀನು ಪಟ್ಟಿ ಮಾಡಿಯೇ ಸಾಯ್ತೀ ಮಾರಾಯ್ತಿ” ಎಂದು ನೀನು ಹೇಳುತ್ತಿದ್ದೆ. ಈ ಹನ್ನೊಂದು ತಿಂಗಳಲ್ಲಿ ನಿನ್ನ ಪಾಲಿನ ಕೆಲಸವನ್ನೂ ಸ್ವಲ್ಪ ಮಾಡಿದ್ದೇನೆ.

ಗುರುವಾರ ಬೆಳಿಗ್ಗೆ ಹಾಲು ಯೂನಿಯನ್‌ನ ಪುಟ ತೆರೆಯಲಿಲ್ಲ. ಅರವತ್ತನಾಲ್ಕು ಮಂದಿಯ ಹಾಲಿನ ಕೊಬ್ಬಿನ ಅಂಶವನ್ನು ಅದರಲ್ಲಿ ತುಂಬಬೇಕು. ಪರದೆಯಲ್ಲಿ ಅರ್ಧ ಬಿಳಿ, ಮೂಲೆಯಲ್ಲೊಂದು ತಿರುಗುವ ಚಕ್ರ. ನಮ್ಮ ಸೆಕ್ರೆಟರಿ ಶೇಖರ ಇಣುಕಿ, “ಎಂತ ಶಶಿಯಕ್ಕ, ನಿಮ್ಮ ಕಂಪ್ಯೂಟರಿನ ಹಾಲೂ ಬತ್ತಿತಾ?” ಎಂದು ಹೇಳಿ ಬೆಳ್ತಂಗಡಿಯ ಭವಿತ್‌ಗೆ ಫೋನ್ ಮಾಡಿದರು. ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟಿರುವವರು. ಬಂದವರು ಹೆಲ್ಮೆಟ್ ತೆಗೆಯುವ ಮೊದಲೇ ಪರದೆಯ ಅಂಚಿಗೆ ಅಂಟಿಸಿದ ಚೀಟಿ ಓದಿದರು: “ಸುತ್ತು ಬಾಣವನ್ನು ಯಾರೂ ಒತ್ತಬಾರದು.”

“ಇದು ಯಾರು ಬರೆದದ್ದು ಮೇಡಂ?”

“ನಾನೇ.”

“ಅದನ್ನು ಒತ್ತದೆ ಎಷ್ಟು ಸಮಯ ಆಯ್ತು?”

“ಮೂರು ವರ್ಷ.”

“ಅಯ್ಯೋ ದೇವರೇ” ಎಂದು ಅವರು ಕುರ್ಚಿ ಎಳೆದು ಕೂತರು.

ನನ್ನದೂ ಒಂದು ಕಾರಣ ಉಂಟು. ಇಲ್ಲಿ ನೆಟ್ ಬಂದು ಹೋಗುವುದು ನಿನಗೆ ಗೊತ್ತು. ಅದು ಹೋದ ಹೊತ್ತಿನಲ್ಲಿ, ಪುಟವನ್ನು ಹೊಸದಾಗಿ ತರುವ ಆ ಬಾಣ ಒತ್ತಿದರೆ ಹೊಸ ಪುಟ ಬರುವುದಿಲ್ಲ, ಕಣ್ಣೆದುರು ಇದ್ದದ್ದೂ ಹೋಗುತ್ತದೆ. ಒಮ್ಮೆ ಹಾಗೆ ಅರವತ್ತನಾಲ್ಕು ಮಂದಿಯ ಅಂಕಿಗಳೂ ಹೋದವು. ಅಂದು ಅಂಟಿಸಿದ ಚೀಟಿ ಅದು. ಈ ಕಡೆಯ ಎಲ್ಲರೂ ಹೀಗೆಯೇ, ಒಮ್ಮೆ ತೆರೆದುಕೊಂಡ ಪುಟವನ್ನು ಮುಟ್ಟಲು ಹೆದರುತ್ತಾರೆ.

ಭವಿತ್ ಯೂನಿಯನ್ ಪುಟವನ್ನು ಹಳೆಯದೇನನ್ನೂ ನೆನಪಿಡದ ಖಾಸಗಿ ಕಿಟಕಿಯೊಂದರಲ್ಲಿ ತೆರೆದರು. ಸರಿಯಾಗಿ ಬಂತು. “ನೋಡಿ, ನೆಟ್ಟಿನದ್ದೂ ತಪ್ಪಿಲ್ಲ, ಯೂನಿಯನಿನದ್ದೂ ಇಲ್ಲ. ನಿಮ್ಮ ಬ್ರೌಸರ್ ಹಳೇ ಪ್ರತಿ ಹಿಡ್ಕೊಂಡು ಕೂತಿದೆ.” ಒಮ್ಮೆ ನೋಡಿದ ಪುಟದ ಪ್ರತಿಯನ್ನು ಅದು ತನ್ನಲ್ಲೇ ಇಟ್ಟುಕೊಳ್ಳುತ್ತದಂತೆ, ಮುಂದಿನ ಸಲ ದೂರ ಹೋಗದೆ ಅಲ್ಲಿಂದಲೇ ತೋರಿಸುತ್ತದಂತೆ. ಅದಕ್ಕೆ ಕ್ಯಾಶ್ ಎಂದು ಹೆಸರು. ಯೂನಿಯನಿನವರು ಪುಟ ಬದಲಿಸಿದ್ದರು. ಹಳೆಯ ಅರ್ಧವೂ ಹೊಸ ಅರ್ಧವೂ ಹೊಂದದೆ ಚಕ್ರ ತಿರುಗುತ್ತಿತ್ತು. ಭವಿತ್ ಅಳಿಸಬಹುದಾದವುಗಳ ಪಟ್ಟಿ ತೆರೆದರು. “ಪಾಸ್‌ವರ್ಡ್ ಏನೂ ಅಳಿಸಬೇಡಿ” ಎಂದೆ. “ಇಲ್ಲ ಮೇಡಂ, ಹಳೇ ಪ್ರತಿಗಳಿಗೆ ಮಾತ್ರ ಗುರುತು ಹಾಕ್ತೇನೆ” ಎಂದು ತೋರಿಸಿಯೇ ಅಳಿಸಿದರು.

ಅಂಕಿಗಳನ್ನು ತುಂಬಿ ಮುಗಿಸಿದೆ. ಆಮೇಲೆ ಅಭ್ಯಾಸದಂತೆ ನಿನ್ನ ಪುಟ ತೆರೆದೆ. ಮೇಲೆ ನವೆಂಬರ್ ಎರಡು ಎಂದಿತ್ತು. ಕೆಳಗೆ ಇಳಿದಂತೆ ಅಕ್ಟೋಬರ್, ಸೆಪ್ಟೆಂಬರ್, ಆಗಸ್ಟ್. ನಾನು ನೋಡಿರದ ಒಟ್ಟು ಇಪ್ಪತ್ತಮೂರು ಬರಹ.

“ಇದು ನಿನ್ನೆ ಇರಲಿಲ್ಲ” ಎಂದೆ.

“ಇತ್ತು ಮೇಡಂ. ನಿಮಗೆ ತೋರಿಸ್ಲಿಲ್ಲ, ಅಷ್ಟೇ.”

ಡಿಸೆಂಬರಿನ ಆ ಕಥೆಯ ಕೆಳಗೆ ನೀನೇ ಬರೆದಿದ್ದೆ, ಪುಟ ಬೇಗ ತೆರೆಯುವಂತೆ ತಮ್ಮ ಸುಹೈಬ್ ಸೌದಿಯ ದಮ್ಮಾಮಿನಿಂದ ಏನೋ ವ್ಯವಸ್ಥೆ ಮಾಡಿದ್ದಾನೆ ಎಂದು. ಪ್ರತಿಯನ್ನು ಒಂದು ವರ್ಷ ಇಟ್ಟುಕೊಳ್ಳಲು ಅವನು ಹೇಳಿಟ್ಟಿರಬೇಕು ಎಂಬುದು ಭವಿತ್ ಅವರ ಊಹೆ. ನಿಜ, ಅಂದಿನಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತಿತ್ತು. ನಾನು ಸಂತೋಷಪಟ್ಟಿದ್ದೆ. ಈ ಏರ್ಪಾಡಿನಲ್ಲಿ ಹೊಸದಾಗಿ ಬಂದವರಿಗೆ ಹೊಸ ಕಥೆ ಸಿಗುತ್ತದೆ, ದಿನವೂ ಬರುವವರಿಗೆ ಹಳೆಯದೇ. ಸುಹೈಬನಿಗೆ ಹೇಳು, ನನ್ನಂಥವರು ಇನ್ನೂ ಇರಬಹುದು.

ಮೂರು ದಿನದಲ್ಲಿ ಎಲ್ಲವನ್ನೂ ಓದಿದೆ. ಡಿಸೆಂಬರ್ ಇಪ್ಪತ್ತೊಂಬತ್ತರ ಟಿಪ್ಪಣಿಯನ್ನು ಎರಡು ಸಲ ಓದಿದೆ: ಮುಂಡಾಜೆಯ ಗೆಳತಿ ಬರೆದದ್ದನ್ನು ಹೇಳಿದಾಗ ಮೂಲ ಲೇಖಕಿ ನಕ್ಕು ತನ್ನ ಕಥೆಯನ್ನೇ ತಿದ್ದಿದರು, ಈಗ ಆ ಹೆಂಗಸು ಗಿಣ್ಣನ್ನು ಪಕ್ಕದ ಮನೆಯ ಮಕ್ಕಳಿಗೆ ಕೊಡುತ್ತಾಳೆ. “ಹಟ್ಟಿಗೂ ಹೋಗಿ ಬಂದೆ, ದನ ನನ್ನ ದುಪಟ್ಟಾ ತಿಂದಿತು.” ಒಬ್ಬಳೇ ಕೂತು ನಕ್ಕೆ. ಫೆಬ್ರವರಿಯಲ್ಲಿ ನೀನು ಕೇಳಿದ್ದೆ: “ಗೆಳತಿ ಏನೂ ಹೇಳುತ್ತಿಲ್ಲ. ಕಥೆ ಸರಿಯಾಗಿದೆ ಎಂದೋ, ನನ್ನ ಮೇಲೆ ಸಿಟ್ಟೋ?” ಅಲ್ಲಿ ನಗು ನಿಂತಿತು. ಸಿಟ್ಟಿಲ್ಲ ಫರ್ಹಾನ. ಎಂದೂ ಇರಲಿಲ್ಲ.

ಈಗ ನವೆಂಬರ್ ಎರಡರ ಮಾತು. ಮುನ್ನೂರ ಹನ್ನೆರಡು ಪುಟದ ಕಾದಂಬರಿ ಅನುವಾದ ಮುಗಿದಿದೆ, ತಿಂಗಳ ಕೊನೆಗೆ ಬಂಟ್ವಾಳದ ಪ್ರೆಸ್ಸಿಗೆ ಕೊಡಬೇಕು, ಅದಕ್ಕೆ ಮೊದಲು ಎದುರು ಕೂತು ಸಾಲುಸಾಲಾಗಿ ಕೇಳಿ ತಪ್ಪು ಹೇಳುವ ಒಬ್ಬರು ಬೇಕು ಎಂದಿದ್ದೀ. ನಾನು ಬರುತ್ತೇನೆ. ಬರುವ ಶನಿವಾರ ಬೆಳ್ತಂಗಡಿಯಲ್ಲಿ ಬಸ್ ಬದಲಿಸಿ ವೇಣೂರು ದಾರಿಯಾಗಿ ಬರುವುದು, ನಾಲ್ಕು ದಿನ ಇರುವುದು ಎಂದು ನಿಶ್ಚಯಿಸಿದ್ದೇನೆ. ಹನ್ನೆರಡು ವರ್ಷಗಳಲ್ಲಿ ಎರಡು ದಿನ ಒಟ್ಟಿಗೆ ರಜೆ ಕೇಳಿದವಳಲ್ಲ. ಶೇಖರರಿಗೆ ಇನ್ನೂ ಹೇಳಿಲ್ಲ. ಈ ಪತ್ರಕ್ಕೆ ಅಂಚೆಚೀಟಿಯನ್ನೂ ಹಚ್ಚಿಲ್ಲ. ಆದರೆ ಬರುತ್ತೇನೆ.

ಅಲ್ಲಿಯವರೆಗೆ ನಿನ್ನ ಕಣ್ಣಿಗೂ ಕೈಗೂ ಆಯಾಸ ಬಾರದಿರಲಿ, ಮನೆಯವರೆಲ್ಲ ಸುಖವಾಗಿರಲಿ.

ನಿನ್ನ ಬರಹವನ್ನು ತಡವಾಗಿ ಓದಿದ,
ಶಶಿಪ್ರಭಾ